ಮಳೆ, ಮಣ್ಣು, ಅಬ್ಬಿನೀರು: ಮನೆಯಲ್ಲಿ ಕಲಿಯುವ ಮಕ್ಕಳಿಗೆ ಕೆಲವು ಕೆಲಸಗಳು
(ಮಲೆನಾಡಿನ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಕ್ಕಳಿಗೆ ಮನೆಯಲ್ಲಿಯೇ ಕಲಿಸುತ್ತಿರುವ ಕೆಲವು ಕುಟುಂಬಗಳು ಇಂದು ನಮ್ಮ ನಡುವೆ ಇವೆ. ಆ ಆಯ್ಕೆಯ ಸರಿತಪ್ಪುಗಳ ಚರ್ಚೆಗೆ ನಾನು ಇಳಿಯುವುದಿಲ್ಲ. ಆಷಾಢದ ಮಳೆಗೆ ಕಾಲುಸಂಕ ಮುಳುಗಿ, ಜಿಲ್ಲಾಡಳಿತ ರಜೆ ಸಾರಿದ ದಿನ ನಮ್ಮಲ್ಲಿ ಎಲ್ಲರ ಮನೆಯೂ ಶಾಲೆಯೇ ಆಗಬೇಕಾಗುತ್ತದೆ. 2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಮೊಬೈಲಿನ ಸಂಕೇತ ಹುಡುಕುತ್ತ ಗುಡ್ಡ ಹತ್ತಿದ ಮಕ್ಕಳನ್ನು ನೀವೆಲ್ಲ ಕಂಡಿದ್ದೀರಿ. ಆ ಗುಡ್ಡದ ಮೇಲೆ ಕುಳಿತು ಅವರು ಕೇಳಿದ ಪಾಠದಲ್ಲಿ ಗುಡ್ಡದ ಪ್ರಸ್ತಾಪವೇ ಇರಲಿಲ್ಲವೆಂಬುದು ನನಗೆ ಸೋಜಿಗವಾಗಿ ಕಂಡಿತ್ತು.

ಮಳೆಯಿಂದಲೇ ಆರಂಭಿಸೋಣ. ತಂಪು ಪಾನೀಯದ ಖಾಲಿ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಟಲಿಯ ಬಾಯಿಗೆ ಆಲಿಕೆಯಂತೆ ಇರಿಸಿರಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಆದ್ದರಿಂದ ಬೆಣಚುಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಮೇಲೆ ಅಳತೆಪಟ್ಟಿಯ ಮಿಲಿಮೀಟರುಗಳನ್ನು ಗುರುತಿಸಿದರೆ ಮಳೆಮಾಪಕ ಸಿದ್ಧ. ಮಾಡಿನ ಹನಿ, ಮರದ ಹನಿ ಬೀಳದ ಬಯಲಿನಲ್ಲಿ ಇಡಬೇಕು. ಹವಾಮಾನ ಇಲಾಖೆಯವರು ಬೆಳಗಿನ 8.30ಕ್ಕೆ ಅಳೆಯುತ್ತಾರೆ, ನಾವೂ ಆಗಲೇ ಅಳೆಯೋಣ. ಬರೆದುಕೊಂಡ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ಇಳಿಸುವುದನ್ನು ಮರೆಯಬಾರದು.

ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಹಾಗಾದರೆ 50 ಮಿಲಿಮೀಟರ್ ಬಿದ್ದ ದಿನ ನಿಮ್ಮ ಒಂದು ಗುಂಟೆ ಅಂಗಳಕ್ಕೆ ಬಂದ ನೀರು ಐದು ಸಾವಿರ ಲೀಟರಿಗೂ ಮಿಗಿಲು. ಗುಣಾಕಾರದ ಮಗ್ಗಿಯನ್ನು ಗೊಣಗುತ್ತ ಓದುವ ಹುಡುಗನೂ ಈ ಲೆಕ್ಕವನ್ನು ತಾನಾಗಿ ಮಾಡುತ್ತಾನೆ. ಅಷ್ಟು ನೀರು ಹೋಯಿತೆಲ್ಲಿಗೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಡುಗೆಮನೆಯಲ್ಲಿ ರಸಾಯನಶಾಸ್ತ್ರವಿದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುವುದನ್ನು ಎಲ್ಲ ಮಕ್ಕಳೂ ನೋಡಿದ್ದಾರೆ. ಅದಕ್ಕೆ ಲಿಂಬೆರಸ ಹಿಂಡಿ ಮರಳಿ ಹಳದಿ ಮಾಡಲು ಯಾರೂ ಹೇಳಿಕೊಟ್ಟಿಲ್ಲ. ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿದ ರಸವಂತೂ ಹುಳಿಗೆ ಕೆಂಪಾಗುತ್ತದೆ, ಸುಣ್ಣದ ತಿಳಿಗೆ ಹಸಿರಾಗುತ್ತದೆ. ಹುಳಿ ಮಣ್ಣಿಗೆ ಸುಣ್ಣ ಏಕೆ ಹಾಕುತ್ತೇವೆಂಬುದನ್ನು ವಿವರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಿಲ್ಲ. ಆದರೆ ದಾಸವಾಳ ನೋಡಿ ತೋಟಕ್ಕೆ ಸುಣ್ಣದ ಪ್ರಮಾಣ ನಿರ್ಧರಿಸಬೇಡಿರಿ. ಅದಕ್ಕೆ ಮಣ್ಣು ಪರೀಕ್ಷಾ ಕೇಂದ್ರವೇ ಬೇಕು.

ಬೀಜದ ಕೆಲಸ ಚಿಕ್ಕ ಮಕ್ಕಳಿಗೆ ಸೂಕ್ತ. ನೂರು ಭತ್ತದ ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಿದರೆ ಅದೇ ಶೇಕಡಾವಾರು. ಪ್ರಮಾಣಿತ ಭತ್ತದ ಬೀಜದಲ್ಲಿ ಕನಿಷ್ಠ 80 ಮೊಳೆಯಬೇಕೆಂಬುದು ನಿಯಮ. ಮಗು 60 ಎಂದು ಹೇಳಿದ ದಿನ ಅಪ್ಪ ಬೀಜವನ್ನೇ ಬದಲಿಸಬೇಕಾಗಬಹುದು!

ಈಗ ಮಳೆಯ ನೀರಿನ ಪ್ರಶ್ನೆಗೆ ಬರೋಣ. ತೋಟದ ಕೆಲಸದಲ್ಲಿ ಉಳಿದ 4 ಇಂಚಿನ ಪೈಪಿನ ಗೇಣುದ್ದದ ತುಂಡೊಂದು ಸಾಕು. ಅದನ್ನು ಎರಡು ಬೆರಳಿನಷ್ಟು ಆಳ ಮಣ್ಣಿಗೆ ಒತ್ತಿ, ಅರ್ಧ ಲೀಟರ್ ನೀರು ಸುರಿದು ಇಂಗಲು ಬಿಡಿರಿ. ಮತ್ತೆ ಅರ್ಧ ಲೀಟರ್ ಸುರಿದು ಈ ಸಲ ಗಡಿಯಾರ ನೋಡಿರಿ. ತರಗೆಲೆ ಮುಚ್ಚಿದ ಕಾಡಿನ ನೆಲದಲ್ಲಿ ಒಮ್ಮೆ, ದನ ಓಡಾಡುವ ದಾರಿಯಲ್ಲಿ ಒಮ್ಮೆ, ತರಗು ಗುಡಿಸಿ ಬೋಳಾದ ಸೊಪ್ಪಿನ ಬೆಟ್ಟದಲ್ಲಿ ಒಮ್ಮೆ. ಕಾಡಿನ ನೆಲ ಬೇಗನೆ ಕುಡಿದುಬಿಡುತ್ತದೆ. ತುಳಿದ ದಾರಿಯಲ್ಲಿ ಮಕ್ಕಳು ಕಾದು ಬೇಸತ್ತು ಆಟಕ್ಕೆ ಹೋಗುತ್ತಾರೆ. ಕಾರಣವನ್ನು ಅಗೆದು ನೋಡಲಿ. ಕಾಡಿನ ಮಣ್ಣಿನಲ್ಲಿ ಬೇರು ಕೊಳೆತ ಕೊಳವೆಗಳು, ಎರೆಹುಳು ಮತ್ತು ಗೆದ್ದಲಿನ ರಂಧ್ರಗಳು ಕಣ್ಣಿಗೇ ಕಾಣುತ್ತವೆ. ಬೋಳು ನೆಲದಲ್ಲಿ ಮಳೆಯ ಹನಿಯೇ ಮಣ್ಣಿನ ಹರಳನ್ನು ಒಡೆದು, ಆ ನುಣುಪು ಮಣ್ಣಿನಿಂದ ರಂಧ್ರ ಮುಚ್ಚುತ್ತದೆ. ಅಲ್ಲಿ ಇಂಗದ ನೀರು ಹೊಳೆಗೆ ಕೆಂಪಾಗಿ ಓಡುತ್ತದೆ.

ಇಂಗಿದ ನೀರು ಅಬ್ಬಿಯಲ್ಲಿ ಮೇಲೆ ಬರುತ್ತದೆ. ಗುಡ್ಡದ ನೀರು ಅಡಿಕೆ ದಂಬೆಯಲ್ಲಿಯೋ ಪೈಪಿನಲ್ಲಿಯೋ ಮನೆಯಂಗಳಕ್ಕೆ ಬರುವ ಊರುಗಳು ನಮ್ಮವು. ಅದರ ಬಾಯಿಗೆ 10 ಲೀಟರಿನ ಕೊಡ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿರಿ. 20 ಸೆಕೆಂಡು ಆದರೆ ನಿಮಿಷಕ್ಕೆ 30 ಲೀಟರ್. ಅಕ್ಟೋಬರಿನಿಂದ ಮೇ ತಿಂಗಳವರೆಗೆ, ಪ್ರತಿ ತಿಂಗಳೂ ಒಂದು ಗೊತ್ತಾದ ದಿನ ಬರೆದಿಡಬೇಕು.

ಈ ಒಂದು ಕೆಲಸವನ್ನು ಆಟವೆಂದು ನಾನು ಹೇಳಲಾರೆ. ಮೊದಲು ಬೇಸಿಗೆಯುದ್ದಕ್ಕೂ ನೀರಿತ್ತು, ಈಗ ಶಿವರಾತ್ರಿಗೇ ಬತ್ತುತ್ತದೆ ಎಂದು ಹಿರಿಯರು ಹೇಳುವ ಊರುಗಳಿವೆ. ಆ ಮಾತನ್ನು ನಾನು ನಂಬುತ್ತೇನೆ. ಆದರೆ ಮೇಲಿನ ಗುಡ್ಡದಲ್ಲಿ ಕಲ್ಲುಗಣಿಯೋ ರಸ್ತೆಯೋ ಬರುವಾಗ ಅಧಿಕಾರಿಗಳೆದುರು ನೆನಪು ನಿಲ್ಲುವುದಿಲ್ಲ, ಅಂಕಿ ನಿಲ್ಲುತ್ತದೆ. ಐದು ವರ್ಷ ಬಿಡದೆ ಅಳೆದ ದಿನಾಂಕಸಹಿತ ಪುಸ್ತಕವೊಂದು ಊರಿನಲ್ಲಿದ್ದರೆ ಗ್ರಾಮಸಭೆಯ ಮಾತಿನ ತೂಕವೇ ಬೇರೆಯಾಗುತ್ತದೆ. ಹತ್ತು ವರ್ಷದ ಹುಡುಗಿ ಅದನ್ನು ಬರೆಯಬಲ್ಲಳು. ದೊಡ್ಡವರು ಮಾಡಬೇಕಾದುದು ಒಂದೇ: ಅಂಕಿಯನ್ನು ಅಂದಗೊಳಿಸಲು ಹೋಗಬಾರದು. ಅಳೆಯದ ತಿಂಗಳನ್ನು ಖಾಲಿ ಬಿಡಲಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಒಣ ತಿಂಗಳುಗಳಲ್ಲಿ ಅದರ ಕಾಟ ಹೆಚ್ಚು. ಆಗ ಮಕ್ಕಳನ್ನು ತರಗೆಲೆಯ ಮೇಲೆ ಕೂರಿಸಬೇಡಿರಿ. ಮಂಗ ಸತ್ತುಬಿದ್ದ ಕಡೆಗೆ ಹೋಗಲೇಬಾರದು, ಆರೋಗ್ಯ ಇಲಾಖೆಗೆ ತಿಳಿಸಬೇಕು. ಪೈಪಿನ ಪ್ರಯೋಗವನ್ನು ಮುಂಗಾರಿನ ಬಿಡುವಿನಲ್ಲಿ ಮಾಡುವುದು ಲೇಸು. ಆಗ ಉಂಬಳದ ಕಾಟವಷ್ಟೆ, ಅದಕ್ಕೆ ಸುಣ್ಣ ನಿಮ್ಮ ಬಳಿಯೇ ಇದೆ.

ಇನ್ನು ಮಾತು ಸಾಕು. ಪೈಪಿನ ತುಂಡುಗಳು ಜಗುಲಿಯಲ್ಲಿವೆ, ನಾಲ್ಕು ಕೊಡಗಳೂ ಇವೆ. ವಾಚು ಇದ್ದವರು ತಂಡಕ್ಕೊಬ್ಬರಂತೆ ಮುಂದೆ ಬನ್ನಿ. ಮಳೆ ಹಿಡಿಯುವ ಮೊದಲು ಬೆಟ್ಟದ ಅಂಚಿಗೆ ಹೋಗಿಬರೋಣ.