ಮಕ್ಕಳಿಗೆ ರಣಹದ್ದಿನ ಪಾಠ



ಅಳಿದ ಪ್ರಾಣಿ ಎಂದೊಡನೆ ಮಕ್ಕಳಿಗೆ ಮಾರಿಷಸ್ಸಿನ ಡೋಡೋ ಚಿತ್ರ ತೋರಿಸುತ್ತೇವೆ. ಅದು 17ನೇ ಶತಮಾನದಲ್ಲೇ ಮುಗಿದ ಕಥೆ. ಬದಲಿಗೆ ರಣಹದ್ದಿನಿಂದ, ಉರ್ದುವಿನ ಗಿಧ್‌ನಿಂದ, ಪಾಠ ಆರಂಭಿಸೋಣ. ಅದನ್ನು ನೋಡಿದ್ದೀರಾ ಎಂದು ಮನೆಯ ಹಿರಿಯರನ್ನು ಕೇಳಿ ಬರಲು ಮಕ್ಕಳಿಗೆ ಹೇಳೋಣ.

ದನದ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಮೂರು ಜಾತಿಯ ಹದ್ದುಗಳು ನೂರಕ್ಕೆ 90ಕ್ಕೂ ಹೆಚ್ಚು ನಾಶವಾದವು. 2006ರಲ್ಲಿ ಪಶುಗಳಿಗೆ ಈ ಔಷಧ ನಿಷೇಧವಾಯಿತು. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ದೊರೆಯುತ್ತದೆ. ರಾಮನಗರದಲ್ಲಿ 2012ರಲ್ಲಿ ರಣಹದ್ದು ವನ್ಯಧಾಮವಾಯಿತು.

ಚಿಕ್ಕೋಡಿ, ರಾಯಬಾಗ, ಅಥಣಿಯ ನಮ್ಮ ಎಷ್ಟೋ ಮಕ್ಕಳ ಮನೆಯಲ್ಲಿ ಆಕಳು, ಎಮ್ಮೆಗಳಿವೆ. ಈ ಮಾತು ಮಕ್ಕಳ ಬಾಯಿಂದ ಮನೆ ತಲುಪಲಿ. ಡೋಡೋಗೆ ನಾವೇನೂ ಮಾಡಲಾರೆವು. ರಣಹದ್ದಿಗೆ ಇನ್ನೂ ಮಾಡಬಹುದು.