ಹಳಿ ಕಿತ್ತ ಮೇಲೆ ಹೊಲದ ದಾರಿ

ಹೊಲದ ನಡುವೆ ರೈಲು ಹಾದಿ ಬಿದ್ದರೆ ರೈತನ ಜಮೀನು ಅರ್ಧ ಈಚೆ, ಅರ್ಧ ಆಚೆ. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ಹೊಲಗಳು ಹೀಗೆ ಇಬ್ಭಾಗವಾದವು. ಅತ್ತಿತ್ತ ಹೋಗಿಬರಲು ಅಲ್ಲಲ್ಲಿ ಒಂದು ಗೇಟು, ಹಳಿಗಳ ನಡುವೆ ಮರದ ಹಲಗೆ ಹಾಸಿದ ಬಂಡಿದಾರಿ. ಈಗ ಅನೇಕ ಕಡೆ ಹಳಿಗಳೇ ಇಲ್ಲ. ಆ ಜಾಗ ಟ್ರೇಲ್ ಆಗಿದೆ; ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಮಿಸ್ಸೌರಿ ರಾಜ್ಯದ ಕೇಟಿ ಟ್ರೇಲ್ ಒಂದೇ ಸುಮಾರು 385 ಕಿಲೋಮೀಟರ್ ಉದ್ದವಿದೆ. ಅಂಥ ಕಡೆ ರೈತನ ಟ್ರ್ಯಾಕ್ಟರು ಆಚೆ ಹೊಲಕ್ಕೆ ಹೋಗುವುದು ಹೇಗೆ?

ಮೊದಲು ಹಳೆಯ ಕ್ರಯಪತ್ರ ತೆಗೆದು ಓದಬೇಕು. ರೈಲು ಕಂಪನಿ ರೈಲು ಓಡಿಸುವ ಹಕ್ಕನ್ನಷ್ಟೇ ಪಡೆದಿದ್ದರೆ ನೆಲದ ಒಡೆಯ ಇನ್ನೂ ರೈತನೇ. ಹಾದಿಯ ಬಳಕೆಗೆ ಅಡ್ಡಿಯಾಗದಂತೆ ಅವನು ಸಾಮಾನ್ಯವಾಗಿ ದಾಟಬಹುದು. ನೆಲವನ್ನೇ ಮಾರಿದ್ದರೆ, ದಾಟುವ ಹಕ್ಕನ್ನು ಪತ್ರದಲ್ಲಿ ಉಳಿಸಿಕೊಂಡಿದ್ದಾರೆಯೇ ನೋಡಬೇಕು. ಕೆಲವರ ಕೈಯಲ್ಲಿರುವುದು ಕಂಪನಿ ಕೊಟ್ಟ ಪರವಾನಗಿ ಮಾತ್ರ. ನೋಟಿಸು ಕೊಟ್ಟು ಅದನ್ನು ರದ್ದು ಮಾಡಬಹುದು.

ರೈಲು ನಿಂತರೆ ನೆಲ ಪೂರ್ತಿ ತಮಗೇ ಬಿಡುಗಡೆಯಾಗುತ್ತದೆ ಎಂದುಕೊಂಡಿದ್ದವರಿಗೆ 1983ರ ಕಾನೂನು ಅಡ್ಡ ಬಂತು. ಮುಂದೆಂದಾದರೂ ರೈಲು ಬೇಕಾದೀತೆಂದು ಹಾದಿಯನ್ನು ಕಾದಿರಿಸಿ, ಅಲ್ಲಿಯವರೆಗೆ ಟ್ರೇಲ್ ಆಗಿ ಬಳಸಬಹುದು ಎನ್ನುತ್ತದೆ ಅದು. ಅಂದರೆ ಕಾನೂನಿನ ಲೆಕ್ಕದಲ್ಲಿ ರೈಲು ಹಾದಿ ಮುಚ್ಚಿಯೇ ಇಲ್ಲ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿನಲ್ಲಿ ಒಂದು ದಂಪತಿಯ ಮನೆಯ ಪಕ್ಕದಲ್ಲೇ ಸೈಕಲ್ ದಾರಿ ಬಂತು. ಅವರು ಕೋರ್ಟಿಗೆ ಹೋದರು. 1990ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು, ಆದರೆ ಪರಿಹಾರ ಕೇಳುವ ಬಾಗಿಲನ್ನು ತೆರೆದಿಟ್ಟಿತು. ಆಮೇಲೆ ಅವರು ಪರಿಹಾರ ಕೇಳಿ ಹೂಡಿದ ದಾವೆಯಲ್ಲಿ 1996ರಲ್ಲಿ ಮೇಲ್ಮನವಿ ನ್ಯಾಯಾಲಯ, ಇದು ಅವರ ಆಸ್ತಿಯನ್ನು ತೆಗೆದುಕೊಂಡಂತೆಯೇ, ಸರ್ಕಾರ ಪರಿಹಾರ ಕೊಡಬೇಕು ಎಂದು ತೀರ್ಪು ಕೊಟ್ಟಿತು. ಅದು ನ್ಯಾಯವಾದ ತೀರ್ಪು ಎಂದೇ ನನ್ನ ಭಾವನೆ.

ಆದರೆ ಪರಿಹಾರದ ಹಣ ಬಂದ ಮಾತ್ರಕ್ಕೆ ದಾಟಲು ದಾರಿಯಾಗುವುದಿಲ್ಲ. ವಾಹನ ನುಗ್ಗದಿರಲೆಂದು ಟ್ರೇಲ್‌ನವರು ಕಂಬ ನೆಡುತ್ತಾರೆ. ಸುಗ್ಗಿಯ ಹೊತ್ತಿಗೆ ಕಟಾವು ಯಂತ್ರ ಆ ಕಂಬದ ಮುಂದೆ ನಿಂತುಬಿಟ್ಟರೆ? ಬಂಡಿದಾರಿಯ ಜಗಳ ಕಂಡ ನಮ್ಮ ರೈತರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಟ್ರೇಲ್‌ಗಳು ಉಳಿಯಬೇಕು, ಸಂದೇಹವಿಲ್ಲ. ಆದರೆ ಅವುಗಳ ಭಾರ ಪಕ್ಕದ ಹೊಲದವನೊಬ್ಬನ ಮೇಲೆ ಬೀಳಬಾರದು. ದಾಟುವ ಜಾಗ ಎಷ್ಟು ಅಗಲ, ಜಲ್ಲಿ ಹಾಕಿಸುವವರು ಯಾರು, ಗೇಟಿನ ಕೀಲಿಕೈ ಯಾರ ಬಳಿ, ಅಪಘಾತವಾದರೆ ಹೊಣೆ ಯಾರದು ಎಂಬುದೆಲ್ಲ ಟ್ರೇಲ್ ನಡೆಸುವವರೊಂದಿಗೆ ಕರಾರಾಗಿ, ಅಲ್ಲಿನ ಜಿಲ್ಲೆಯಂತಿರುವ ಕೌಂಟಿಯ ಕಚೇರಿಯಲ್ಲಿ ನೋಂದಣಿಯಾಗಬೇಕು. ಜಮೀನಿಗೇ ಅಂಟಿದ ಹಕ್ಕೆಂದು ಅದರಲ್ಲಿ ಬರೆಸಿಕೊಂಡರೆ, ನಾಳೆ ಆ ಹೊಲ ಕೊಂಡವರಿಗೂ ಅದು ಸಿಗುತ್ತದೆ.