ಹೊಲದ ಇಲಿಗಳ ಒಡಲಿನ ಜಂತುಗಳು



ಕಳೆದ ಸುಗ್ಗಿಯಲ್ಲಿ ಒಂದು ಗ್ರಾಮದ ಕಣದ ಬಳಿ, ಬದುವನ್ನು ಅಗೆದು ಹಿಡಿದ ಹೆಗ್ಗಣವೊಂದನ್ನು ಕೈಗವಸು ತೊಟ್ಟು ಎಲ್ಲರೆದುರಿಗೆ ಸೀಳಿ ತೋರಿಸಿದೆನು. ಅದರ ಯಕೃತ್ತಿನಲ್ಲಿ ಬಟಾಣಿಕಾಳಿನಷ್ಟು ದಪ್ಪದ ಬಿಳಿಯ ಗುಳ್ಳೆಗಳೂ, ಕರುಳಿನಲ್ಲಿ ಲಾಡಿಯಂತಹ ಹುಳುಗಳೂ ಇದ್ದುವು. ಅದನ್ನು ಕಂಡ ಹಿರಿಯರೊಬ್ಬರು, "ಸ್ವಾಮಿ, ಒಳಗೆ ಇಷ್ಟು ಹುಳುವಿದ್ದ ಮೇಲೆ ಇವು ತಾವಾಗಿಯೇ ಸಾಯುವುವು, ನಾವೇಕೆ ಶ್ರಮಪಡಬೇಕು?" ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವೇ ಈ ದಿನದ ಉಪನ್ಯಾಸ.

ಜಂತುವಿಗೆ ಇಲಿಯ ಒಡಲೇ ಮನೆ. ಇದ್ದ ಮನೆಗೆ ಬೆಂಕಿಯಿಟ್ಟು ಬಾಳುವವರುಂಟೆ? ಆದುದರಿಂದ ಹುಳು ತುಂಬಿದ ಇಲಿಯೂ ಸಾಮಾನ್ಯವಾಗಿ ತಿಂದು, ಓಡಾಡಿ, ಮರಿಯಿಡುತ್ತಲೇ ಇರುವುದು.

ಮುಖ್ಯವಾದ ಜಂತುಗಳು ಮೂರು. ಯಕೃತ್ತಿನ ಬಿಳಿಯ ಗುಳ್ಳೆಯು ಮರಿಹುಳುವಿನ ಮನೆ. ಬೆಕ್ಕು ಆ ಇಲಿಯನ್ನು ತಿಂದಾಗ ಮರಿಯು ಬೆಕ್ಕಿನ ಕರುಳಿನಲ್ಲಿ ಬೆಳೆದು ಲಾಡಿಹುಳುವಾಗುವುದು. ಅದರ ಮೊಟ್ಟೆಗಳು ಬೆಕ್ಕಿನ ಮಲದೊಡನೆ ಹೊರಬಿದ್ದು, ಮಣ್ಣಿಗೂ ಕಾಳಿಗೂ ಸೇರಿ, ಮತ್ತೆ ಇಲಿಯ ಹೊಟ್ಟೆಗೆ ಹೋಗುವುವು.

ಎರಡನೆಯದು ಇಲಿಯ ಕರುಳಿನಲ್ಲಿಯೇ ಬೆಳೆಯುವ ಲಾಡಿಹುಳು. ಇದು ಒಂದೆರಡು ಅಡಿ ಉದ್ದವಾಗಬಲ್ಲುದು. ಇದರ ಮೊಟ್ಟೆಗಳನ್ನು ಇಲಿಯ ಹಿಕ್ಕೆಯೊಡನೆ ಹಿಟ್ಟಿನ ಹುಳುಗಳು, ಅಂದರೆ ಉಗ್ರಾಣದ ಸಣ್ಣ ದುಂಬಿಗಳು, ತಿನ್ನುವುವು. ಮರಿಯು ಬೆಳೆಯುವುದು ದುಂಬಿಯ ಒಡಲಿನಲ್ಲಿ. ಅಂತಹ ದುಂಬಿಯು ಬಿದ್ದ ಹಸಿ ಹಿಟ್ಟನ್ನೋ ಕಾಳನ್ನೋ ಮಗುವು ಬಾಯಿಗೆ ಹಾಕಿಕೊಂಡರೆ ಈ ಹುಳು ಮನುಷ್ಯನಿಗೂ ಬರುವುದುಂಟು. ಅಂತಹ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು, ಮದ್ದು ಉಂಟು.

ಮೂರನೆಯದು ಯಕೃತ್ತಿನಲ್ಲಿ ವಾಸಿಸುವ ಕೂದಲೆಳೆಯಂತಹ ಹುಳು. ಇಲಿಯು ಬದುಕಿರುವವರೆಗೆ ಇದರ ಮೊಟ್ಟೆಗಳು ಯಕೃತ್ತಿನಲ್ಲಿಯೇ ಸೆರೆಯಾಗಿರುವುವು. ಇಲಿಯು ಸತ್ತು ಕೊಳೆತರೆ, ಇಲ್ಲವೆ ಬೇರೊಂದು ಪ್ರಾಣಿಯು ಅದನ್ನು ತಿಂದು ಮಲ ಹಾಕಿದರೆ, ಆಗ ಮೊಟ್ಟೆಗಳು ಮಣ್ಣಿಗೆ ಸೇರಿ ಬಲಿಯುವುವು. ಸತ್ತ ಇಲಿಯನ್ನು ಬದುವಿನ ಮೇಲೆ ಎಸೆದು ಹೋಗುವವನು ಈ ಹುಳುವಿಗೆ ಬಾಗಿಲು ತೆರೆದುಕೊಟ್ಟಂತೆ. ೧೯೯೦ರ ದಶಕದಲ್ಲಿ ಆಸ್ಟ್ರೇಲಿಯಾ ದೇಶದ ವಿಜ್ಞಾನಿಗಳು ಇದೇ ಹುಳುವನ್ನು ಹೊಲದ ಇಲಿಗಳಲ್ಲಿ ಬಿಟ್ಟು, ಅವುಗಳ ಸಂಖ್ಯೆಯನ್ನು ತಗ್ಗಿಸಲು ಪ್ರಯತ್ನಿಸಿದರು. ಹೊಲದಲ್ಲಿ ಅದು ಫಲಿಸಲಿಲ್ಲ. ಆ ಹಿರಿಯರ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಇನ್ನೊಂದು ಮಾತು. ಕೊಯ್ಲಾದ ಮೇಲೆ ಬಡ ಕೂಲಿಕಾರರು ಬಿಲಗಳನ್ನು ಅಗೆದು, ಇಲಿಗಳು ಕೂಡಿಟ್ಟ ತೆನೆಗಳನ್ನು ಮನೆಗೆ ಒಯ್ಯುವರು. ಜಂತುವಿನ ಹೆಸರು ಹೇಳಿ ಅವರನ್ನು ತಡೆಯಬೇಡಿರಿ. ಅದು ಅವರ ಒಂದು ಹೊತ್ತಿನ ಅನ್ನ, ಮೇಲಾಗಿ ನಿಮ್ಮ ಬಿಲಗಳನ್ನು ಅವರು ಕೂಲಿಯಿಲ್ಲದೆ ಅಗೆದುಕೊಡುವರು. ಆದರೆ ಆ ಕಾಳನ್ನು ಕೇರಿ, ತೊಳೆದು, ಬಿಸಿಲಿಗೆ ಒಣಗಿಸಿ, ಚೆನ್ನಾಗಿ ಬೇಯಿಸಿಯೇ ಉಣ್ಣುವಂತೆ ತಿಳಿಯಹೇಳಿರಿ. ಬರಿಗೈಯಿಂದ ಇಲಿಯನ್ನು ಮುಟ್ಟಬಾರದು. ಇಲಿಯ ಮೂತ್ರದಿಂದ ಇಲಿಜ್ವರವೂ ತಗಲುವುದು.

ನೀವು ಆಚರಿಸತಕ್ಕವು ಇವು:

೧. ದಪ್ಪವಾದ ಬದುಗಳನ್ನು ಕಿರಿದು ಮಾಡಿ, ಕಳೆಯನ್ನು ಕಿತ್ತು, ಬಿಲಕ್ಕೆ ಎಡೆಯಿಲ್ಲದಂತೆ ಇಡುವುದು.

೨. ಪೈರು ತೆನೆಗಟ್ಟುವ ಮೊದಲೇ ಗ್ರಾಮದವರೆಲ್ಲರೂ ಒಂದೇ ವಾರದಲ್ಲಿ ಬಿಲ ಅಗೆದು, ಬೋನಿಟ್ಟು ಇಲಿಗಳನ್ನು ಹಿಡಿಯುವುದು. ಒಬ್ಬನು ಹಿಡಿದು ನೆರೆಯವನು ಬಿಟ್ಟರೆ ಶ್ರಮವು ವ್ಯರ್ಥ. ಹೆಗ್ಗಣದ ಗರ್ಭಕಾಲವು ಸುಮಾರು ಮೂರು ವಾರ ಮಾತ್ರ.

೩. ಸತ್ತ ಇಲಿಗಳನ್ನು ಸುಡುವುದು, ಇಲ್ಲವೆ ನಾಯಿ ಕೆದಕಲಾರದಷ್ಟು ಆಳದಲ್ಲಿ ಹೂಳುವುದು.

೪. ಕಣಜವನ್ನು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿಟ್ಟು, ಕಂಬಗಳಿಗೆ ತಗಡಿನ ಕುಪ್ಪಸ ತೊಡಿಸುವುದು. ಕಾಳಿಗೂ ಹಿಟ್ಟಿಗೂ ಭದ್ರವಾದ ಮುಚ್ಚಳವಿಡುವುದು.

೫. ಬೆಕ್ಕನ್ನು ಅಟ್ಟಬೇಡಿರಿ. ಪಶುವೈದ್ಯರಿಂದ ಜಂತಿನ ಮದ್ದು ಕೊಡಿಸಿ, ಅದು ಕಾಳಿನ ರಾಶಿಯ ಮೇಲೆ ಮಲವಿಸರ್ಜನೆ ಮಾಡದಂತೆ ನೋಡಿಕೊಳ್ಳಿರಿ.

ಇಲಿಯು ಒಂದು ಹೊಲದ ಶತ್ರುವಲ್ಲ, ಇಡೀ ಗ್ರಾಮದ ಶತ್ರು. ಹುಳುವು ಅದನ್ನು ಕೊಲ್ಲುವುದೆಂದು ಕಾಯದೆ, ಮುಖ್ಯಸ್ಥರು ದಿನವನ್ನು ಗೊತ್ತುಮಾಡಿ ಡಂಗುರ ಹೊಡೆಯಿಸಲಿ. ಮೊದಲ ಗುದ್ದಲಿಯನ್ನು ತಮ್ಮ ಹೊಲದ ಬದುವಿನಲ್ಲಿಯೇ ಹಾಕಲಿ.